ಒಂದೇ ಹಾರಾಟ, ಎರಡು ಸೂರ್ಯೋದಯ

ಒಂದೇ ಪ್ರಯಾಣದಲ್ಲಿ ಎರಡು ಸಲ ಬೆಳಗಾಗುವುದು ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಹೋದವರಿಗೆ ಹೊಸದೇನಲ್ಲ. ಆದರೆ ಎಲ್ಲಿಯೂ ನೆಲ ಮುಟ್ಟದೆ, ಆಕಾಶದಲ್ಲಿಯೇ ಎರಡು ಸೂರ್ಯೋದಯ ಕಂಡವರೂ ಇದ್ದಾರೆ. ಅವರು ಹಾರಿದ್ದು ಆಸ್ಟ್ರೇಲಿಯಾದ ಪರ್ತ್ ನಗರ ಮತ್ತು ಸಿಂಹಳದ ಗಾಲೆ ಪಟ್ಟಣದ ಬಳಿಯ ಕೊಗ್ಗಲ ಸರೋವರದ ನಡುವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ.

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾಯಿತು. ಅದರೊಂದಿಗೆ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನ ನಡುವಿನ ವಿಮಾನ ಮಾರ್ಗವೂ ತುಂಡಾಯಿತು. ಉಳಿದದ್ದು ಹಿಂದೂ ಮಹಾಸಾಗರವನ್ನು ನೇರವಾಗಿ ದಾಟುವ ದಾರಿ. ದೂರ ಸುಮಾರು 5,600 ಕಿಲೋಮೀಟರ್. ನಡುವೆ ಇಳಿದು ಇಂಧನ ತುಂಬಿಸಿಕೊಳ್ಳುವ ತಾಣವೇ ಇಲ್ಲ.

1943ರ ಮಧ್ಯಭಾಗದಲ್ಲಿ ಕ್ವಾಂಟಾಸ್ ಸಂಸ್ಥೆ ಈ ಸಾಹಸಕ್ಕೆ ಕೈ ಹಾಕಿತು. ಬಳಸಿದ್ದು ನೀರಿನ ಮೇಲೆ ಇಳಿಯಬಲ್ಲ ಐದು ಕ್ಯಾಟಲಿನಾ ವಿಮಾನಗಳನ್ನು. (ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲೂ ಕ್ಯಾಟಲಿನಾಗಳ ದುರಸ್ತಿ ನಡೆಯುತ್ತಿತ್ತು.) ಇವುಗಳ ವೇಗ ಗಂಟೆಗೆ ಸುಮಾರು 200 ಕಿ.ಮೀ. ಅಷ್ಟೇ. ಹೀಗಾಗಿ ಒಂದು ಹಾರಾಟಕ್ಕೆ 27ರಿಂದ 32 ಗಂಟೆ ಹಿಡಿಯುತ್ತಿತ್ತು. ಅತಿ ದೀರ್ಘ ಹಾರಾಟದ ಅವಧಿ 32 ಗಂಟೆ 9 ನಿಮಿಷ. ಇದೇ ಪರ್ತ್‌ನಿಂದ ಲಂಡನ್ನಿಗೆ 2018ರಲ್ಲಿ ಆರಂಭವಾದ ತಡೆರಹಿತ ವಿಮಾನ, ಸುಮಾರು 14,500 ಕಿ.ಮೀ. ದೂರವನ್ನು 17 ಗಂಟೆ ಚಿಲ್ಲರೆಯಲ್ಲಿ ಕ್ರಮಿಸಿತು!

ವಿಮಾನದ ತುಂಬ ಇದ್ದದ್ದು ಇಂಧನವೇ. ಭಾರ ಇಳಿಸಲು ಅನಗತ್ಯವೆನಿಸಿದ ಸಲಕರಣೆಗಳನ್ನೆಲ್ಲ ಕಿತ್ತು ಹಾಕಲಾಗಿತ್ತು. ಇಷ್ಟಾಗಿಯೂ ಸ್ಥಳ ಸಿಕ್ಕುತ್ತಿದ್ದುದು ಮೂವರು ಪ್ರಯಾಣಿಕರಿಗೆ ಹಾಗೂ 69 ಕಿಲೋ ಅಂಚೆಗೆ ಮಾತ್ರ. ತುಂಬಿದ ಭಾರದಲ್ಲಿ ಎರಡು ಎಂಜಿನ್‌ಗಳ ಪೈಕಿ ಒಂದು ಕೈಕೊಟ್ಟರೆ ವಿಮಾನ ಎತ್ತರ ಕಾಯ್ದುಕೊಳ್ಳಲಾರದು. ಕೆಳಗೆ ಬರೀ ಕಡಲು.

ಇನ್ನೊಂದು ಭಯ ಜಪಾನೀ ವಿಮಾನಗಳದು. ಅವು ಗಸ್ತು ತಿರುಗುವ ವಲಯವನ್ನು ಕತ್ತಲಲ್ಲಿ ದಾಟುವಂತೆ ಹೊರಡುವ ಹೊತ್ತನ್ನು ಗೊತ್ತು ಮಾಡುತ್ತಿದ್ದರು. ಶತ್ರುವಿಗೆ ಸುಳಿವು ಸಿಗದಿರಲೆಂದು ರೇಡಿಯೋ ಮೌನ. ಅಂದ ಮೇಲೆ ದಾರಿ ಕೇಳುವುದು ಯಾರನ್ನು? ನಕ್ಷತ್ರಗಳನ್ನು. ಐದು ವಿಮಾನಗಳಿಗೂ ನಾವಿಕರಿಗೆ ದಾರಿ ತೋರುವ ತಾರೆಗಳದೇ ಹೆಸರು: ಆಲ್ಟೇರ್, ವೇಗಾ, ರೈಜಲ್, ಆಂಟಾರೆಸ್, ಸ್ಪೈಕಾ. ಇವುಗಳಲ್ಲಿ ನಾಲ್ಕು ನಮ್ಮವರಿಗೆ ಹಳೆಯ ಪರಿಚಯವೇ. ಆಲ್ಟೇರ್ ಶ್ರವಣ, ವೇಗಾ ಅಭಿಜಿತ್, ಆಂಟಾರೆಸ್ ಜ್ಯೇಷ್ಠಾ, ಸ್ಪೈಕಾ ಚಿತ್ರಾ.

ಈ ಪ್ರಯಾಣ ಮುಗಿಸಿದವರಿಗೆ ಒಂದು ಪ್ರಮಾಣಪತ್ರ ಕೊಡಲಾಗುತ್ತಿತ್ತು. ಅವರು 'ಎರಡು ಸೂರ್ಯೋದಯದ ರಹಸ್ಯ ಬಳಗ'ಕ್ಕೆ ಸೇರಿದವರು ಎಂದು ಅದು ಸಾರುತ್ತಿತ್ತು. ಚಳಿಯಲ್ಲಿ, ಎಂಜಿನ್ ಗದ್ದಲದಲ್ಲಿ ಒಂದು ದಿನಕ್ಕಿಂತ ಹೆಚ್ಚು ಕಾಲ ಕುಳಿತವರಿಗೆ ಅಷ್ಟಾದರೂ ಸಲ್ಲಬೇಕಾದದ್ದೇ.

1944ರಲ್ಲಿ ಹೆಚ್ಚು ವೇಗದ ಲಿಬರೇಟರ್ ವಿಮಾನಗಳು ಬಂದವು. ಆದರೂ 1945ರ ಜುಲೈವರೆಗೆ ಕ್ಯಾಟಲಿನಾಗಳು ಹಾರುತ್ತಲೇ ಇದ್ದವು. ಒಟ್ಟು 271 ಬಾರಿ ಸಾಗರ ದಾಟಿದರೂ ಒಂದೇ ಒಂದು ವಿಮಾನ ನಷ್ಟವಾಗಲಿಲ್ಲ.

ಅಮೆರಿಕದ ಯುದ್ಧಕಾಲೀನ ನೆರವಿನ ಕರಾರಿನಂತೆ ಯುದ್ಧ ಮುಗಿದ ಮೇಲೆ ಈ ವಿಮಾನಗಳನ್ನು ಮರಳಿಸಬೇಕಿತ್ತು, ಇಲ್ಲವೇ ನಾಶಪಡಿಸಬೇಕಿತ್ತು. ಐದನ್ನೂ ಆಸ್ಟ್ರೇಲಿಯಾದ ತೀರದಾಚೆ ಸಮುದ್ರದಲ್ಲಿ ಮುಳುಗಿಸಲಾಯಿತು.