ಲ್ಯಾಟಿನ್ ಜಾಝ್ ವಾದಕರ ಜೀವಿತವೂ ಶಿಕ್ಷಣವೂ

ಅಕ್ಷರಜ್ಞಾನವುಳ್ಳವನೇ ವಿದ್ಯಾವಂತನೆಂದೂ ಅದಿಲ್ಲದವನು ಅವಿದ್ಯಾವಂತನೆಂದೂ ಎಣಿಸುವುದು ಈಗಿನ ಲೋಕರೂಢಿ. ಸಂಗೀತದ ವಿಷಯದಲ್ಲಿಯೂ ಈ ರೂಢಿಯೇ ಪ್ರಬಲವಾಗಿರುವುದು. ಸ್ವರಲಿಪಿಯನ್ನು ಓದಿ ನುಡಿಸುವವನು ಶಿಕ್ಷಿತನು. ಕೇಳಿ ಕಲಿತವನಾದರೋ ಯಾವುದೋ ಹುಟ್ಟುಗುಣದ ಬಲದಿಂದ ನುಡಿಸುವನು, ಅವನಿಗೆ ಶಿಕ್ಷಣವೆಂಬುದು ಆಗಿಲ್ಲ, ಎಂದು ಹೇಳುವವರುಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಪರೀಕ್ಷಿಸುವುದಕ್ಕೆ ಲ್ಯಾಟಿನ್ ಜಾಝ್ ಎಂಬ ಸಂಗೀತದ ಚರಿತ್ರೆಯು ಒಳ್ಳೆಯ ದೃಷ್ಟಾಂತವಾಗಿದೆ. ದೂರದ ದೇಶದ ವಿಷಯವೆಂದು ವಾಚಕರು ಉದಾಸೀನ ಮಾಡಬಾರದಾಗಿ ಪ್ರಾರ್ಥನೆ.

ಜಾಝ್ ಎಂಬುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಆಫ್ರಿಕಾ ಮೂಲದ ಜನರಿಂದ ಬೆಳೆದು ಬಂದ ಸಂಗೀತ. ಅದರ ಸ್ವರಸಂಯೋಜನೆಯೂ ಮನೋಧರ್ಮದ ವಾದನವೂ, ಕ್ಯೂಬಾ ಮತ್ತು ಪೋರ್ಟೋ ರಿಕೋ ದ್ವೀಪಗಳ ತಾಳವಾದ್ಯ ಸಂಪ್ರದಾಯವೂ ಕೂಡಿದುದೇ ಲ್ಯಾಟಿನ್ ಜಾಝ್. ಇದರ ಲಯಕ್ಕೆ ಆಧಾರವಾದುದು ಕ್ಲಾವೆ. ಎರಡು ಗಟ್ಟಿ ಮರದ ಕಡ್ಡಿಗಳನ್ನು ಒಂದಕ್ಕೊಂದು ತಟ್ಟಿ ಐದು ಪೆಟ್ಟುಗಳನ್ನು ಹೊರಡಿಸುವರು. ಹದಿನಾರು ಮಾತ್ರೆಗಳನ್ನು ಎಣಿಸಿ ೧, ೪, ೭, ೧೧, ೧೩ನೆಯ ಮಾತ್ರೆಗಳಲ್ಲಿ ಚಪ್ಪಾಳೆ ತಟ್ಟಿದರೆ ಇದರ ಒಂದು ಮುಖ್ಯ ಪ್ರಕಾರವು ಯಾರಿಗಾದರೂ ಗೊತ್ತಾಗುವುದು. ಮೊದಲ ಅರ್ಧದಲ್ಲಿ ಮೂರು ಪೆಟ್ಟು, ಎರಡನೆಯ ಅರ್ಧದಲ್ಲಿ ಎರಡು. ಕೆಲವು ಕೃತಿಗಳಲ್ಲಿ ಇದು ತಿರುವುಮುರುವಾಗಿ ಬರುವುದು. ಕಡ್ಡಿಗಳು ಮೌನವಾಗಿದ್ದರೂ ಹಾಡುವವನೂ ನುಡಿಸುವವನೂ ಈ ಐದು ಪೆಟ್ಟುಗಳನ್ನು ಮನಸ್ಸಿನಲ್ಲಿ ಧರಿಸಿಯೇ ನಡೆಯಬೇಕು. ತಪ್ಪಿ ನಡೆದರೆ ಬಲ್ಲವರ ಕಿವಿಗೆ ಅದು ಕೂಡಲೇ ಅಪಸ್ವರದಂತೆ ಕೇಳುವುದು.

ಈ ಸಂಗೀತಗಾರರ ಶಿಕ್ಷಣವು ಎರಡು ದಾರಿಗಳಲ್ಲಿ ನಡೆಯಿತು. ಮೊದಲನೆಯದು ಲಿಪಿಯ ದಾರಿ. ಸ್ಪೇನಿನವರ ಆಳಿಕೆಯಲ್ಲಿದ್ದ ಈ ದ್ವೀಪಗಳಲ್ಲಿ ಸೈನ್ಯದ ಮತ್ತು ಪುರಸಭೆಯ ವಾದ್ಯಮೇಳಗಳು ಬಹುಕಾಲದಿಂದ ಇದ್ದುವು. ಹವಾನಾ ನಗರದಲ್ಲಿ ೧೯೦೩ರಲ್ಲಿ ಪುರಸಭೆಯ ಸಂಗೀತಶಾಲೆಯೂ ಸ್ಥಾಪಿತವಾಯಿತು. ಇಂತಹ ಕಡೆಗಳಲ್ಲಿ ಕಲಿಯುವ ಹುಡುಗನ ಕೈಗೆ ಮೊದಲೇ ವಾದ್ಯವನ್ನು ಕೊಡುವ ಪದ್ಧತಿಯಿರಲಿಲ್ಲ. ಸೊಲ್ಫೇಯೊ ಎಂಬ ಅಭ್ಯಾಸದಿಂದ, ಬರೆದ ಸ್ವರಗಳನ್ನು ನೋಡಿದೊಡನೆ ಬಾಯಲ್ಲಿ ಹಾಡುವುದನ್ನು ಚೆನ್ನಾಗಿ ಕಲಿತ ಮೇಲೆಯೇ ವಾದ್ಯದ ಮಾತು. ಈ ಕ್ರಮದಲ್ಲಿ ಪಳಗಿದವರ ಬೆಲೆಯನ್ನು ಹೊರಗಿನವರು ಬೇಗನೆ ಕಂಡುಕೊಂಡರು. ೧೯೧೭ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಜೇಮ್ಸ್ ರೀಸ್ ಯೂರೋಪ್ ಎಂಬ ಮೇಳನಾಯಕನು ನ್ಯೂಯಾರ್ಕಿನ ಕಪ್ಪು ಸಿಪಾಯಿಗಳ ದಂಡಿಗೆ ವಾದ್ಯಗಾರರನ್ನು ಹುಡುಕುತ್ತ ಪೋರ್ಟೋ ರಿಕೋಗೆ ಹೋದನು. ಓದಿ ನುಡಿಸಬಲ್ಲವರು ಅಲ್ಲಿ ದೊರೆಯುವರೆಂಬುದೇ ಕಾರಣ. ಪ್ರಸಿದ್ಧ ಗೀತಕಾರನಾದ ರಫಾಯೆಲ್ ಹೆರ್ನಾಂಡೆಸನು ಹೀಗೆ ಸೇರಿದವರಲ್ಲೊಬ್ಬನು. ಅದೇ ದ್ವೀಪದಲ್ಲಿ ಕಲಿತ ಹುವಾನ್ ಟಿಸೋಲನು ೧೯೨೯ರಲ್ಲಿ ಡ್ಯೂಕ್ ಎಲಿಂಗ್ಟನನ ಮೇಳವನ್ನು ಸೇರಿ, ೧೯೩೬ರಲ್ಲಿ ‘ಕ್ಯಾರವಾನ್’ ಎಂಬ ಕೃತಿಯನ್ನು ಲೋಕಕ್ಕೆ ಕೊಟ್ಟನು.

ಎರಡನೆಯದು ಕಿವಿಯ ದಾರಿ. ಇದು ಇನ್ನೂ ಹಳೆಯದು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟ ಜನರು ತಮ್ಮ ದೇವತೆಗಳನ್ನೂ ಮದ್ದಳೆಗಳನ್ನೂ ಜ್ಞಾಪಕದಲ್ಲಿ ಹೊತ್ತು ತಂದರು. ಕ್ಯೂಬಾದಲ್ಲಿ ಗುಲಾಮಗಿರಿಯು ೧೮೮೬ರಲ್ಲಿ ರದ್ದಾಯಿತು. ಆದರೆ ಮದ್ದಳೆಗಳ ಮೇಲಣ ಸರ್ಕಾರದ ಸಂಶಯವು ಆ ತರುವಾಯವೂ ಉಳಿಯಿತು. ಬೀದಿಗಳಲ್ಲಿ ಅವುಗಳನ್ನು ಬಾರಿಸುವುದಕ್ಕೆ ಆಗಾಗ ನಿರ್ಬಂಧಗಳಿದ್ದುವು. ಉತ್ಸವದ ಮೆರವಣಿಗೆಯ ತಂಡಗಳು ನಿಂತುಹೋಗಿ ೧೯೩೭ರಲ್ಲಿ ಮತ್ತೆ ಅನುಮತಿ ಪಡೆದುವು. ಇಷ್ಟಾದರೂ ಹವಾನಾದ ಬಡವರ ವಠಾರಗಳಲ್ಲಿ ಆ ವಿದ್ಯೆಯು ನಡೆದೇ ಬಂದಿತು. ಮದ್ದಳೆ ಸಿಕ್ಕದಿದ್ದಾಗ ಸರಕು ತುಂಬುವ ಮರದ ಪೆಟ್ಟಿಗೆಯನ್ನೇ ಮದ್ದಳೆಯಾಗಿ ಮಾಡಿಕೊಂಡರು.

ಈ ಶಿಕ್ಷಣದ ಕಠಿನತೆಯನ್ನು ತಿಳಿಯಲು ಯೊರೂಬಾ ಸಂಪ್ರದಾಯದ ಬಾಟಾ ಮದ್ದಳೆಗಳನ್ನು ನೋಡಬೇಕು. ಅವು ಮೂರು. ಎಲ್ಲಕ್ಕಿಂತ ಚಿಕ್ಕದು ಓಕೊಂಕೊಲೊ, ನಡುವಣದು ಇತೋತೆಲೆ, ದೊಡ್ಡದು ಇಯಾ, ಎಂದರೆ ತಾಯಿ. ಶಿಷ್ಯನು ಮೊದಲು ಚಿಕ್ಕ ಮದ್ದಳೆಯನ್ನು ಹಿಡಿದು ಒಂದೇ ನಡೆಯನ್ನು ಕದಲದೆ ನುಡಿಸಬೇಕು. ಆಮೇಲೆ ನಡುವಣದಕ್ಕೆ ಏರಿ, ತಾಯಿಯ ಕರೆಗೆ ತಕ್ಕ ಉತ್ತರವನ್ನು ಕೊಡಲು ಕಲಿಯಬೇಕು. ಅನೇಕ ವರ್ಷಗಳ ಮೇಲೆ ತಾಯಿಮದ್ದಳೆಯು ಅವನ ತೊಡೆಯನ್ನೇರುವುದು. ಯಾವ ದೇವತೆಗೆ ಯಾವ ನಡೆ, ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ, ಎಲ್ಲವೂ ಬಾಯಿಪಾಠ. ದೀಕ್ಷೆ ಪಡೆದ ಮದ್ದಳೆಗಳನ್ನು ಮುಟ್ಟುವ ಅಧಿಕಾರವು ಸಂಪ್ರದಾಯದಲ್ಲಿ ಪುರುಷರಿಗೆ ಮಾತ್ರವಿದ್ದಿತು. ಪಾಠಶಾಲೆಯಲ್ಲಿ ಗುರುವಿನ ಮುಂದೆ ಕುಳಿತು, ಪುಸ್ತಕವನ್ನು ತೆರೆಯದೆ ಪದ, ಕ್ರಮಗಳನ್ನು ಒಪ್ಪಿಸಿದವರ ನಡುವೆ ಬೆಳೆದ ನನಗೆ ಇದು ಅಪರಿಚಿತವಾಗಿ ತೋರುವುದಿಲ್ಲ. ವೇದವನ್ನು ಕಿವಿಯಿಂದ ಕಲಿತವನನ್ನು ನಾವು ಅಶಿಕ್ಷಿತನೆನ್ನುವುದಿಲ್ಲವಷ್ಟೆ. ಹವಾನಾದ ಮದ್ದಳೆಗಾರನನ್ನು ಹಾಗೆನ್ನುವುದು ಯಾವ ನ್ಯಾಯ?

ಈ ಎರಡು ದಾರಿಗಳನ್ನು ಕೂಡಿಸಿದವರಲ್ಲಿ ಮೊದಲು ಸ್ಮರಿಸತಕ್ಕವನು ಮಾರಿಯೋ ಬೌಸಾ. ಇವನು ೧೯೧೧ರಲ್ಲಿ ಹವಾನಾದಲ್ಲಿ ಹುಟ್ಟಿದನು. ಇವನನ್ನು ಸಾಕಿದ ಧರ್ಮಪಿತನು ಸೊಲ್ಫೇಯೊ ಕಲಿಸುವ ಉಪಾಧ್ಯಾಯನಾದುದರಿಂದ ಮನೆಯೇ ಪಾಠಶಾಲೆಯಾಯಿತು. ಕ್ಲಾರಿಯೊನೆಟ್ಟನ್ನು ಕಲಿತು, ಇನ್ನೂ ಎಳೆಯನಾಗಿದ್ದಾಗಲೇ ಹವಾನಾದ ಫಿಲಹಾರ್ಮೊನಿಕ್ ಮೇಳದಲ್ಲಿ ನುಡಿಸಿದನು. ೧೯೨೬ರಲ್ಲಿ ಧ್ವನಿಮುದ್ರಣಕ್ಕೆಂದು ನ್ಯೂಯಾರ್ಕಿಗೆ ಹೋದಾಗ ಹಾರ್ಲೆಂ ಬಡಾವಣೆಯಲ್ಲಿ ಕಪ್ಪು ಜನರ ಕಲಾಜೀವನವನ್ನು ಕಂಡು ಮನಸೋತನು. ೧೯೩೦ರಲ್ಲಿ ಅಲ್ಲಿಯೇ ನೆಲಸಿದನು. ಆಗ ಒಂದು ಕ್ಯೂಬನ್ ಮೇಳಕ್ಕೆ ಟ್ರಂಪೆಟ್ ಎಂಬ ತುತ್ತೂರಿಯನ್ನು ಊದುವವನು ಬೇಕಾಗಿರಲು, ಬೌಸಾ ಹದಿನೈದು ದಿನಗಳಲ್ಲಿ ಆ ವಾದ್ಯವನ್ನು ಕಲಿತನೆಂದು ಹೇಳುವರು. ಬಾಲ್ಯದ ಸ್ವರಾಭ್ಯಾಸವು ಗಟ್ಟಿಯಾಗಿದ್ದುದರಿಂದಲೇ ಇದು ಸಾಧ್ಯವಾಗಿರಬೇಕು. ೧೯೩೩ರಿಂದ ಚಿಕ್ ವೆಬ್ಬನ ಮೇಳದಲ್ಲಿ, ಆ ಬಳಿಕ ಕ್ಯಾಬ್ ಕ್ಯಾಲೊವೇಯ ಮೇಳದಲ್ಲಿ ಇದ್ದು ಜಾಝಿನ ನುಡಿಗಟ್ಟನ್ನು ಕರಗತ ಮಾಡಿಕೊಂಡನು. ಕ್ಯಾಲೊವೇಯ ಮೇಳಕ್ಕೆ ೧೯೩೯ರಲ್ಲಿ ಡಿಝ್ಜಿ ಗಿಲೆಸ್ಪೀ ಎಂಬ ತರುಣ ತುತ್ತೂರಿವಾದಕನು ಸೇರುವಂತೆ ಮಾಡಿದವನೂ ಇವನೇ.

ಬೌಸಾನ ಹೆಂಡತಿಯ ಸೋದರನಾದ ಮಾಚೀಟೋ ಎಂಬ ಗಾಯಕನು ೧೯೪೦ರಲ್ಲಿ ‘ಆಫ್ರೋ-ಕ್ಯೂಬನ್ಸ್’ ಎಂಬ ಮೇಳವನ್ನು ಕಟ್ಟಿದನು. ಆಫ್ರಿಕಾದ ಹೆಸರನ್ನು ಮುಚ್ಚಿಡುವುದೇ ಮರ್ಯಾದೆಯೆನಿಸಿದ್ದ ಕಾಲದಲ್ಲಿ ಅದನ್ನು ಹಲಗೆಯ ಮೇಲೆ ಬರೆಸಿದುದು ಸಾಮಾನ್ಯವಾದ ಧೈರ್ಯವಲ್ಲ. ಮರುವರ್ಷ ಬೌಸಾ ಅದರ ಸಂಗೀತ ನಿರ್ದೇಶಕನಾದನು. ತುತ್ತೂರಿ, ಸ್ಯಾಕ್ಸೊಫೋನುಗಳಿಗೆ ಜಾಝಿನ ಕ್ರಮದಲ್ಲಿ ಬರೆದ ಸ್ವರಗಳು. ಮದ್ದಳೆಗಳಿಗೆ ವಠಾರದಿಂದ ಬಂದ ಕೈಗಳು. ೧೯೪೩ರಲ್ಲಿ ರೂಪುಗೊಂಡ ‘ಟಾಂಗಾ’ ಎಂಬ ಕೃತಿಯನ್ನು ಅನೇಕರು ಲ್ಯಾಟಿನ್ ಜಾಝಿನ ಮೊದಲ ಕೃತಿಯೆಂದು ಎಣಿಸುವರು. ಅದೇ ವರ್ಷ ಮಾಚೀಟೋವನ್ನು ಸೈನ್ಯಕ್ಕೆ ಕರೆಯಲು, ಅವನ ಸಾಕುತಂಗಿಯಾದ ಗ್ರಸಿಯೆಲಾ ಹವಾನಾದಿಂದ ಬಂದು ಮೇಳದ ಗಾಯನವನ್ನು ನಡಸಿಕೊಟ್ಟಳು. ಆಕೆಯು ಪಳಗಿದುದು ‘ಅನಕಾವೋನಾ’ ಎಂಬ ಸ್ತ್ರೀಯರದೇ ಆದ ಮೇಳದಲ್ಲಿ. ಕಾಸ್ಟ್ರೋ ಮನೆತನದ ಸಹೋದರಿಯರು ಅದನ್ನು ೧೯೩೨ರಲ್ಲಿ ಆರಂಭಿಸಿದ್ದರು. ದೀಕ್ಷಿತ ಮದ್ದಳೆಯನ್ನು ಮುಟ್ಟಲಾಗದಿದ್ದ ಸ್ತ್ರೀಯರು ತುತ್ತೂರಿ, ಬೋಂಗೋಗಳನ್ನು ಹಿಡಿದು ವೇದಿಕೆಯನ್ನೇರಿದ ಸಂಗತಿಯು ಸ್ಮರಣೀಯ.

ಇನ್ನು ಚಾನೋ ಪೋಸೋನ ಕಥೆ. ಇವನು ೧೯೧೫ರಲ್ಲಿ ಹವಾನಾದ ಕಡುಬಡವರ ಮನೆಯಲ್ಲಿ ಹುಟ್ಟಿ ವಠಾರದಲ್ಲಿ ಬೆಳೆದನು. ಬಾಲಾಪರಾಧಿಗಳನ್ನು ತಿದ್ದುವ ಸರ್ಕಾರದ ಶಾಲೆಯಲ್ಲಿ ಕೆಲಕಾಲ ಕಳೆದನು. ಯೊರೂಬಾ ದೇವತೆಗಳ ಆರಾಧನೆಯಲ್ಲಿಯೂ, ಅಬಾಕ್ವಾ ಎಂಬ ಪುರುಷರ ಗೂಢಸಂಘದಲ್ಲಿಯೂ ಮದ್ದಳೆಯ ಭಾಷೆಯನ್ನು ಕಲಿತನು. ಉತ್ಸವದ ಮೆರವಣಿಗೆಗೆ ಇವನು ಕಟ್ಟಿದ ಹಾಡುಗಳು ಊರಲ್ಲೆಲ್ಲ ಹರಡಿದುವು. ಸಂಗೀತದ ಲಿಪಿಯನ್ನು ಓದಲಾರನು, ಇಂಗ್ಲಿಷನ್ನೂ ಅರಿಯನು. ೧೯೪೭ರ ಹೊತ್ತಿಗೆ ನ್ಯೂಯಾರ್ಕನ್ನು ಸೇರಿದ್ದ ಇವನನ್ನು ಗಿಲೆಸ್ಪೀಗೆ ಪರಿಚಯ ಮಾಡಿಸಿದವನು ಬೌಸಾನೇ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಾರ್ನೆಗೀ ಸಭಾಮಂದಿರದಲ್ಲಿ ಗಿಲೆಸ್ಪೀಯ ದೊಡ್ಡ ಮೇಳದ ನಡುವೆ ಚಾನೋ ತನ್ನ ಕೋಂಗಾ ಮದ್ದಳೆಯೊಡನೆ ನಿಂತನು.

ಇಲ್ಲಿ ಗುರು ಯಾರು, ಶಿಷ್ಯನು ಯಾರು ಎಂಬುದನ್ನು ವಾಚಕರು ಗಮನಿಸಬೇಕು. ಊರಿಂದೂರಿಗೆ ಬಸ್ಸಿನಲ್ಲಿ ಹೋಗುವಾಗ ಚಾನೋ ಮೇಳದವರ ಕೈಗೆ ಒಂದೊಂದು ಮದ್ದಳೆಯನ್ನು ಕೊಟ್ಟು, ಒಬ್ಬೊಬ್ಬನಿಗೆ ಒಂದೊಂದು ನಡೆಯನ್ನು ಹೇಳಿ, ಎಲ್ಲವೂ ಕೂಡುವಂತೆ ಮಾಡುತ್ತಿದ್ದನೆಂದು ಗಿಲೆಸ್ಪೀಯೇ ತನ್ನ ಆತ್ಮಕಥೆಯಲ್ಲಿ ತಿಳಿಸಿರುವನು. ‘ಮಾಂಟೆಕಾ’ ಎಂಬ ಕೃತಿಯು ಹುಟ್ಟಿದ ಬಗೆಯೂ ಹೀಗೆಯೇ. ಮಂದ್ರವಾದ್ಯಕ್ಕೆ ಇಷ್ಟು, ಸ್ಯಾಕ್ಸೊಫೋನಿಗೆ ಇಷ್ಟು, ತುತ್ತೂರಿಗೆ ಇಷ್ಟು ಎಂದು ಚಾನೋ ಬಾಯಲ್ಲಿ ಹಾಡಿ ತೋರಿಸಿದನು. ಗಿಲೆಸ್ಪೀ ನಡುವಣ ಭಾಗವನ್ನು ತಾನು ಸೇರಿಸಿದನು. ಗಿಲ್ ಫುಲ್ಲರನು ಎಲ್ಲವನ್ನೂ ಮೇಳಕ್ಕೆ ಹೊಂದಿಸಿ ಬರೆದನು. ೧೯೪೭ರ ಡಿಸೆಂಬರು ೩೦ರಂದು ಅದು ಮುದ್ರಿತವಾಯಿತು. ಕೃತಿಯ ಅಸ್ತಿಭಾರವು ಲಿಪಿಯನ್ನು ಅರಿಯದವನದು; ಅದು ನಿಂತು ಉಳಿದುದು ಲಿಪಿಯನ್ನು ಅರಿತವರಿಂದ. ಒಬ್ಬರನ್ನು ಬಿಟ್ಟು ಒಬ್ಬರಿಲ್ಲ.

ವರ್ಷವೊಂದು ತುಂಬುವಷ್ಟರಲ್ಲಿ, ೧೯೪೮ರ ಡಿಸೆಂಬರಿನಲ್ಲಿ, ಹಾರ್ಲೆಮಿನ ಒಂದು ಪಾನಗೃಹದಲ್ಲಿ ಜಗಳವು ಬೆಳೆದು ಚಾನೋ ಗುಂಡಿಗೆ ಬಲಿಯಾದನು. ಆಗ ವಯಸ್ಸು ೩೩. ಕೇಳಿ ಕಲಿಯುವ ವಿದ್ಯೆಯ ಗಂಡಾಂತರವು ಇದರಿಂದ ಗೊತ್ತಾಗುವುದು. ಪುಸ್ತಕದಲ್ಲಿರುವುದು ಬರೆದವನು ಸತ್ತರೂ ಉಳಿಯುವುದು. ಎದೆಯಲ್ಲಿರುವುದು ಶಿಷ್ಯನಿಗೆ ಸಂದಷ್ಟೇ ಉಳಿಯುವುದು. ಅವನೊಡನೆ ಎಷ್ಟು ಹೋಯಿತೋ ಅಳೆಯುವ ಉಪಾಯವಿಲ್ಲ. ಆದರೂ ಗ್ರಾಮಫೋನ್ ತಟ್ಟೆಯು ಒಂದು ಉಪಕಾರವನ್ನು ಮಾಡಿತು. ಪೋರ್ಟೋ ರಿಕೋ ಮೂಲದ ರೇ ಬರೆಟೋ ಎಂಬ ತರುಣನು ಅಮೆರಿಕದ ಸಿಪಾಯಿಯಾಗಿ ಜರ್ಮನಿಯಲ್ಲಿದ್ದಾಗ ‘ಮಾಂಟೆಕಾ’ದ ತಟ್ಟೆಯನ್ನು ಕೇಳಿ, ಮದ್ದಳೆಯಿಲ್ಲದ್ದರಿಂದ ಬ್ಯಾಂಜೋ ವಾದ್ಯದ ಹಿಂಬದಿಯನ್ನೇ ಬಾರಿಸತೊಡಗಿದನು. ಆತನೇ ಮುಂದೆ ಹೆಸರಾಂತ ಕೋಂಗಾ ವಾದಕನಾದನು.

ಮುಂದಿನ ತಲೆಮಾರಿನಲ್ಲಿ ಎರಡು ಶಿಕ್ಷಣಗಳೂ ಒಬ್ಬನಲ್ಲಿಯೇ ನೆಲಸಿದುದನ್ನು ಕಾಣುತ್ತೇವೆ. ೧೯೨೩ರಲ್ಲಿ ನ್ಯೂಯಾರ್ಕಿನಲ್ಲಿ ಪೋರ್ಟೋ ರಿಕೋದ ತಾಯಿತಂದೆಗಳಿಗೆ ಹುಟ್ಟಿದ ಟೀಟೋ ಪುವೆಂಟೆಯು ಬೀದಿಯ ತಾಳವನ್ನೂ ಪಿಯಾನೋ ಪಾಠವನ್ನೂ ಒಟ್ಟಿಗೇ ಪಡೆದನು. ಎರಡನೆಯ ಮಹಾಯುದ್ಧದಲ್ಲಿ ವಿಮಾನವಾಹಕ ನೌಕೆಯಲ್ಲಿದ್ದಾಗ ವಿಮಾನಚಾಲಕನೊಬ್ಬನಿಂದ ಮೇಳಕ್ಕೆ ಕೃತಿಗಳನ್ನು ಹೊಂದಿಸುವ ಕ್ರಮವನ್ನು ಕಲಿತನು. ಯುದ್ಧದಿಂದ ಮರಳಿದ ಸಿಪಾಯಿಗಳಿಗೆ ಸರ್ಕಾರವು ಕೊಟ್ಟ ಸಹಾಯದಿಂದ ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ಓದಿದನು. ಅದುವರೆಗೆ ಮೇಳದ ಹಿಂದುಗಡೆ ಅಡಗಿರುತ್ತಿದ್ದ ಟಿಂಬಾಲೆಸ್ ಎಂಬ ಜೋಡಿ ವಾದ್ಯವನ್ನು ವೇದಿಕೆಯ ಮುಂದಕ್ಕೆ ತಂದು ನಿಲ್ಲಿಸಿದನು. ೨೦೦೦ದಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನವನ್ನು ಬಿಡಲಿಲ್ಲ.

ಕ್ಯೂಬಾದಲ್ಲಿಯೇ ಉಳಿದವರ ಗತಿ ಬೇರೆಯಾಯಿತು. ೧೯೫೯ರ ಕ್ರಾಂತಿಯ ತರುವಾಯ ಸರ್ಕಾರವು ಬಡವರ ಮಕ್ಕಳಿಗೂ ಉಚಿತವಾದ ಕಲಾಶಾಲೆಗಳನ್ನು ತೆರೆಯಿತು. ಹವಾನಾದಲ್ಲಿ ಧನಿಕರು ಗಾಲ್ಫ್ ಆಡುತ್ತಿದ್ದ ಬಯಲು ರಾಷ್ಟ್ರೀಯ ಕಲಾಶಾಲೆಯಾಯಿತು. ಇದು ಶ್ಲಾಘ್ಯವೇ. ಆದರೆ ಅಲ್ಲಿ ಬಹುಕಾಲ ಪಾಠವಾದುದು ಯೂರೋಪಿನ ಶಾಸ್ತ್ರೀಯ ಸಂಗೀತ. ಜಾಝನ್ನು ಶತ್ರುದೇಶದ ಸಂಗೀತವೆಂದು ಅಧಿಕಾರಿಗಳು ಸಂಶಯದಿಂದ ನೋಡುತ್ತಿದ್ದರು. ಆದುದರಿಂದ ವಿದ್ಯಾರ್ಥಿಗಳು ಹಗಲು ಬಾಖ್, ಮೋಟ್ಸಾರ್ಟರನ್ನು ಒಪ್ಪಿಸಿ, ಜಾಝನ್ನು ತಾವಾಗಿ ಕಲಿತರು. ಹಿಂದೆ ಮದ್ದಳೆಗೆ ಬಂದ ಗತಿಯೇ ಈಗ ಜಾಝಿಗೆ ಬಂದಿತು!

ಈ ಕಾಲದ ನೋವು ಒಂದು ಮನೆತನದಲ್ಲಿ ಸ್ಪಷ್ಟವಾಗಿ ಕಾಣುವುದು. ಬೇಬೋ ವಾಲ್ಡೇಸನು ೧೯೧೮ರಲ್ಲಿ ಹುಟ್ಟಿದ ಪಿಯಾನೋ ವಾದಕ. ಹವಾನಾದ ಪುರಸಭೆಯ ಸಂಗೀತಶಾಲೆಯಲ್ಲಿ ಕಲಿತು ಟ್ರಾಪಿಕಾನಾ ಎಂಬ ಪ್ರಸಿದ್ಧ ರಂಗಮಂದಿರದಲ್ಲಿ ಕೀರ್ತಿ ಪಡೆದವನು. ೧೯೪೧ರಲ್ಲಿ, ತಂದೆಯ ಹುಟ್ಟಿದ ದಿನವಾದ ಅಕ್ಟೋಬರು ೯ರಂದೇ ಹುಟ್ಟಿದ ಮಗ ಚೂಚೋ ತಂದೆಯ ಪಿಯಾನೋ ಪಕ್ಕದಲ್ಲಿಯೇ ಕಲಿತನು. ೧೯೬೦ರಲ್ಲಿ ಬೇಬೋ ದೇಶವನ್ನು ಬಿಟ್ಟು, ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ನೆಲಸಿ, ಹೋಟೆಲುಗಳಲ್ಲಿ ಪಿಯಾನೋ ನುಡಿಸುತ್ತ ಮೂರು ದಶಕಗಳನ್ನು ಕಳೆದನು. ಹವಾನಾದಲ್ಲುಳಿದ ಚೂಚೋ ೧೯೭೩ರಲ್ಲಿ ‘ಇರಾಕೆರೆ’ ಎಂಬ ಮೇಳವನ್ನು ಕಟ್ಟಿದನು. ಅದರಲ್ಲಿ ಶಾಲೆಯಲ್ಲಿ ಕಲಿತ ತುತ್ತೂರಿವಾದಕರ ಪಕ್ಕದಲ್ಲಿ ದೀಕ್ಷಾಸಂಪ್ರದಾಯದ ಬಾಟಾ ಮದ್ದಳೆಗಳಿಗೆ ಸಮನಾದ ಪೀಠ ದೊರೆಯಿತು. ೧೯೭೮ರಲ್ಲಿ ಆ ಮೇಳವು ಕಾರ್ನೆಗೀ ಸಭಾಮಂದಿರಕ್ಕೆ ಬಂದಾಗ, ಹದಿನೆಂಟು ವರ್ಷಗಳ ಮೇಲೆ, ತಂದೆಮಕ್ಕಳು ಒಬ್ಬರನ್ನೊಬ್ಬರು ಕಂಡರು. ೧೯೯೪ರಲ್ಲಿ ತನ್ನ ೭೬ನೆಯ ವಯಸ್ಸಿನಲ್ಲಿ ಬೇಬೋ ಮತ್ತೆ ಧ್ವನಿಮುದ್ರಣಕ್ಕೆ ಕುಳಿತನು. ಮುಂದೆ ಇಬ್ಬರೂ ಎರಡು ಪಿಯಾನೋಗಳಲ್ಲಿ ಜೊತೆಯಾಗಿ ನುಡಿಸಿದರು. ೨೦೧೩ರಲ್ಲಿ ಬೇಬೋ ದಿವಂಗತನಾದನು. ಗುರುಪರಂಪರೆಗೆ ರಾಜಕೀಯವು ಅಡ್ಡ ಬಂದರೂ, ಮಗನ ಕೈಗೆ ಬಾಲ್ಯದಲ್ಲಿ ಸಂದುದು ಕಳೆದುಹೋಗಿರಲಿಲ್ಲ.

ಇಷ್ಟು ಚರಿತ್ರೆಯಿಂದ ತಿಳಿಯುವುದೇನು? ಲಿಪಿಯಿಲ್ಲದ ವಿದ್ಯೆಯೂ ವಿದ್ಯೆಯೇ. ಅದಕ್ಕೂ ಕ್ರಮವುಂಟು, ಪರೀಕ್ಷೆಯುಂಟು, ಗುರುವುಂಟು. ಆದರೆ ಅದನ್ನು ಹೊತ್ತವನು ಬಡವನಾಗಿದ್ದರೆ ಲೋಕವು ಅವನ ಕೌಶಲವನ್ನು ಮೆಚ್ಚಿ ಪಾಂಡಿತ್ಯವನ್ನು ಮಾತ್ರ ಒಪ್ಪುವುದಿಲ್ಲ. ಗಿಲೆಸ್ಪೀಯಂತಹ ಕೀರ್ತಿವಂತನು ಬಸ್ಸಿನಲ್ಲಿ ಶಿಷ್ಯನಾಗಿ ಕುಳಿತುದರಿಂದ ಅವನ ಘನತೆಗೆ ಕುಂದು ಬರಲಿಲ್ಲ. ಹೊಸದೊಂದು ಸಂಗೀತವು ಬೆಳೆಯಿತು. ಎರಡು ಕಡೆಯ ಭಾಷೆಯನ್ನೂ ಬಲ್ಲ ಬೌಸಾನಂತಹವನು ನಡುವೆ ನಿಂತು ಇವನನ್ನು ಅವನಿಗೆ ತೋರಿಸಿಕೊಟ್ಟುದು ಅದಕ್ಕೆ ಕಾರಣ. ಅಂತಹ ಮಧ್ಯಸ್ಥರ ಹೆಸರು ಸಾಮಾನ್ಯವಾಗಿ ಹಿಂದೆ ಬಿದ್ದುಹೋಗುವುದು. ಚರಿತ್ರೆಯನ್ನು ಓದುವವರಾದರೂ ಅದನ್ನು ಮರೆಯದಿರಲಿ.