ಶಾಲೆಯಲ್ಲಿರುವಾಗಲೇ ವಿಶ್ವವಿದ್ಯಾಲಯದ ಕ್ರೆಡಿಟ್: ಎ.ಪಿ. ಪರೀಕ್ಷೆಗಳ ಕುರಿತು

ಚೆನ್ನೈನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಹಿಂದೆ ಮಕ್ಕಳು ಪಿ.ಯು.ಸಿ. ಮುಗಿಸಿದರೆಂದರೆ ಗಿಂಡಿಯೋ ಸುರತ್ಕಲ್ಲೋ ಎಂಬ ಚರ್ಚೆ ಏಳುತ್ತಿತ್ತು. ಈಗ ಮಗಳು ಹನ್ನೊಂದನೆಯ ತರಗತಿಗೆ ಕಾಲಿಡುವ ಮೊದಲೇ ಎ.ಪಿ. ಬರೆಸುತ್ತೀರಾ ಎಂಬ ಪ್ರಶ್ನೆ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿಬರುತ್ತದೆ. ಕೇಳುವವರಿಗೂ ಉತ್ತರಿಸುವವರಿಗೂ ವಿಷಯ ಅರ್ಧಂಬರ್ಧ ತಿಳಿದಿರುವುದೇ ಹೆಚ್ಚು. ಆದುದರಿಂದ ಈ ಲೇಖನ.

ಎ.ಪಿ. ಎಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. ಇದನ್ನು ನಡೆಸುವುದು ಎಸ್.ಎ.ಟಿ. ಪರೀಕ್ಷೆಯನ್ನೂ ನಡೆಸುವ ಅಮೆರಿಕದ ಕಾಲೇಜ್ ಬೋರ್ಡ್. 1955ರಲ್ಲಿ ಈ ಯೋಜನೆಯನ್ನು ಅದು ವಹಿಸಿಕೊಂಡಿತು. ಕಾಲೇಜಿನ ಮೊದಲ ವರ್ಷದಲ್ಲಿ ಕಲಿಸುವುದನ್ನು ಜಾಣ ವಿದ್ಯಾರ್ಥಿ ಶಾಲೆಯಲ್ಲೇ ಕಲಿತಿದ್ದರೆ ಮತ್ತೆ ಅದೇ ಪಾಠಕ್ಕೆ ಏಕೆ ಕೂರಿಸಬೇಕು ಎಂಬುದು ಅದರ ಮೂಲ ಆಲೋಚನೆ. ಪ್ರತಿ ವರ್ಷ ಮೇ ತಿಂಗಳ ಮೊದಲ ಎರಡು ವಾರಗಳಲ್ಲಿ ಪರೀಕ್ಷೆ, ಜುಲೈನಲ್ಲಿ ಫಲಿತಾಂಶ. ಅಂಕಗಳು 1ರಿಂದ 5ರವರೆಗೆ ಮಾತ್ರ. ಎ.ಪಿ. ಪಾಠ ಹೇಳುವ ಶಾಲೆಯಲ್ಲೇ ಓದಿರಬೇಕೆಂಬ ನಿರ್ಬಂಧವಿಲ್ಲ. ಮನೆಯಲ್ಲಿ ತಾನೇ ಓದಿಕೊಂಡ ವಿದ್ಯಾರ್ಥಿಯೂ ಅನುಮತಿ ಪಡೆದ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಬರೆಯಬಹುದು.

ನಮ್ಮ ಹಿರಿಯರಿಗೆ ಇದು ಪೂರ್ತಿ ಅಪರಿಚಿತವೆನಿಸಬೇಕಾಗಿಲ್ಲ. 1978ರಲ್ಲಿ ತಮಿಳುನಾಡು ಪ್ಲಸ್ ಟು ವ್ಯವಸ್ಥೆಗೆ ಹೊರಳುವ ಮೊದಲು ಹದಿನಾರರ ಹುಡುಗ ಕಾಲೇಜಿನ ಬೆಂಚಿನಲ್ಲಿ ಕುಳಿತು ಪಿ.ಯು.ಸಿ. ಓದುತ್ತಿದ್ದ, ವಿಶ್ವವಿದ್ಯಾಲಯದ ಪರೀಕ್ಷೆಯನ್ನೇ ಬರೆಯುತ್ತಿದ್ದ. (ಕರ್ನಾಟಕದಲ್ಲಿ ಆ ಹೆಸರು ಇಂದಿಗೂ ಉಳಿದಿದೆ.) ಆದರೆ ಪಿ.ಯು.ಸಿ. ಪದವಿಗೆ ಹೋಗುವ ಬಾಗಿಲಾಗಿತ್ತೇ ಹೊರತು ಪದವಿಯ ಪಾಠಗಳಲ್ಲಿ ಒಂದನ್ನೂ ಕಡಿಮೆ ಮಾಡುತ್ತಿರಲಿಲ್ಲ. ಎ.ಪಿ. ಕಡಿಮೆ ಮಾಡುತ್ತದೆ, ಕನಿಷ್ಠ ಕಡಿಮೆ ಮಾಡಬಲ್ಲುದು.

ಈ 'ಮಾಡಬಲ್ಲುದು' ಎಂಬಲ್ಲಿಯೇ ಪಾಲಕರು ಎಡವುವುದು. ಕಾಲೇಜ್ ಬೋರ್ಡ್ ಅಂಕ ಕೊಡುತ್ತದೆ, ಕ್ರೆಡಿಟ್ ಕೊಡುವುದು ಆಯಾ ವಿಶ್ವವಿದ್ಯಾಲಯ. ಅಮೆರಿಕದಲ್ಲಿ ಸ್ನಾತಕ ಪದವಿಗೆ ಸಾಮಾನ್ಯವಾಗಿ 120 ಸೆಮಿಸ್ಟರ್ ಕ್ರೆಡಿಟ್‌ಗಳು ಬೇಕು, ಒಂದು ವಿಷಯಕ್ಕೆ ಮೂರೋ ನಾಲ್ಕೋ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಸರ್ಕಾರಿ ವ್ಯವಸ್ಥೆ 3 ಬಂದರೂ ಕ್ರೆಡಿಟ್ ಕೊಡುತ್ತದೆ. ಆದರೆ ಆ ಕ್ರೆಡಿಟ್ ಯಾವ ಕಡ್ಡಾಯ ಪಾಠಕ್ಕೆ ಬದಲಾಗಿ ಸಲ್ಲುತ್ತದೆ ಎಂಬುದನ್ನು ಅಲ್ಲಿನ ಒಂದೊಂದು ಕ್ಯಾಂಪಸ್, ಒಂದೊಂದು ವಿಭಾಗ ಬೇರೆ ಬೇರೆಯಾಗಿ ತೀರ್ಮಾನಿಸುತ್ತದೆ. ಕೆನಡಾದ ಟೊರಾಂಟೊ ಮತ್ತು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಗಳು 4 ಅಥವಾ 5 ಕೇಳುತ್ತವೆ. ಕ್ಯಾಲ್‌ಟೆಕ್ ಕ್ರೆಡಿಟ್ ಕೊಡುವುದೇ ಇಲ್ಲ. ಡಾರ್ಟ್‌ಮತ್ ಕಾಲೇಜು 2014ರಲ್ಲಿ ಸೇರಿದವರಿಂದ ಮೊದಲ್ಗೊಂಡು ಅದನ್ನು ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ಎ.ಪಿ. ಅಂಕಗಳು ಪ್ರವೇಶಕ್ಕೆ ನೆರವಾಗುತ್ತವೆ, ಪದವಿಯ ಅವಧಿಯನ್ನು ಕುಗ್ಗಿಸುವುದಿಲ್ಲ.

ನಮಗೆ ಪರಿಚಿತವಾದ ಕುಟುಂಬವೊಂದರ ಅನುಭವವನ್ನು ಇಲ್ಲಿ ಹೇಳಬೇಕು. ಹುಡುಗ ಭೌತಶಾಸ್ತ್ರದಲ್ಲಿ 'ಫಿಸಿಕ್ಸ್ 1' ಎಂಬ ಎ.ಪಿ. ಪರೀಕ್ಷೆ ಬರೆದು 5 ಪಡೆದ. ಮನೆಯಲ್ಲಿ ಸಂಭ್ರಮ. ಎಂಜಿನಿಯರಿಂಗ್ ಓದಲು ಅಮೆರಿಕಕ್ಕೆ ಹೋದ ಮೇಲೆ ತಿಳಿಯಿತು, ಫಿಸಿಕ್ಸ್ 1ರಲ್ಲಿ ಕಲನಶಾಸ್ತ್ರವಿಲ್ಲ, ಎಂಜಿನಿಯರಿಂಗ್ ವಿಭಾಗ ಒಪ್ಪುವುದು ಕಲನಶಾಸ್ತ್ರವನ್ನಾಧರಿಸಿದ 'ಫಿಸಿಕ್ಸ್ ಸಿ' ಪರೀಕ್ಷೆಯನ್ನು. ಕ್ರೆಡಿಟ್ ಸಿಕ್ಕಿತು, ಆದರೆ ಐಚ್ಛಿಕ ವಿಷಯದ ಲೆಕ್ಕದಲ್ಲಿ. ಭೌತಶಾಸ್ತ್ರದ ತರಗತಿಗೆ ಅವನು ಮತ್ತೆ ಮೊದಲಿನಿಂದ ಕೂರಬೇಕಾಯಿತು. ನೋಂದಣಿಗೆ ಮೊದಲು ಆ ವಿಭಾಗದ ಜಾಲತಾಣದಲ್ಲಿ ಹತ್ತು ನಿಮಿಷ ಹುಡುಕಿದ್ದರೆ ಈ ಮಾಹಿತಿ ಸಿಗುತ್ತಿತ್ತು. ಮಗು ಹೋಗಬಯಸುವ ನಾಲ್ಕಾರು ವಿಶ್ವವಿದ್ಯಾಲಯಗಳನ್ನೂ ವಿಭಾಗಗಳನ್ನೂ ಮೊದಲು ಗುರುತಿಸಿ, ಅವು ಏನನ್ನು ಒಪ್ಪುತ್ತವೆಂದು ನೋಡಿಕೊಂಡು, ಆಮೇಲೆ ಪರೀಕ್ಷೆಯ ವಿಷಯಗಳನ್ನು ಆರಿಸಬೇಕು. ನೆರೆಮನೆಯ ಮಗು ಏನು ಬರೆಯಿತೆಂದು ನೋಡಿ ಆರಿಸುವುದು ತಲೆಕೆಳಗಾದ ಕ್ರಮ.

ಸಿ.ಬಿ.ಎಸ್.ಇ. ಅಥವಾ ರಾಜ್ಯ ಪಠ್ಯಕ್ರಮದ ಮಕ್ಕಳಿಗೆ ಗಣಿತ ಸಹಜ ಆಯ್ಕೆ. ಹನ್ನೆರಡನೆಯ ತರಗತಿಯ ಕಲನಶಾಸ್ತ್ರವನ್ನು ಚೆನ್ನಾಗಿ ಓದಿದವರಿಗೆ 'ಕ್ಯಾಲ್ಕುಲಸ್ ಎಬಿ'ಯ ಬಹುಪಾಲು ಪರಿಚಿತವೇ. 'ಬಿಸಿ'ಗೆ ಮಾತ್ರ ಅನಂತ ಶ್ರೇಢಿಗಳು, ಟೇಲರ್ ಶ್ರೇಢಿ, ಧ್ರುವೀಯ ನಿರ್ದೇಶಾಂಕಗಳಲ್ಲಿ ಕಲನಶಾಸ್ತ್ರ ಮುಂತಾದುವನ್ನು ಪ್ರತ್ಯೇಕವಾಗಿ ಕಲಿಯಬೇಕು. ಬಿಸಿಯಲ್ಲಿ ಒಳ್ಳೆಯ ಅಂಕ ಬಂದರೆ ಅನೇಕ ಕಡೆ ಎರಡು ಸೆಮಿಸ್ಟರ್‌ಗಳ ಗಣಿತಕ್ಕೆ ಕ್ರೆಡಿಟ್ ಸಿಗುವುದರಿಂದ ಈ ಶ್ರಮ ವ್ಯರ್ಥವಲ್ಲ. ನಮ್ಮ ಮಕ್ಕಳು ತಡವರಿಸುವುದು ಬೇರೆ ಕಡೆ. ಬೋರ್ಡ್ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ನಿಷಿದ್ಧ, ಇಲ್ಲಿ ಪ್ರಶ್ನೆಪತ್ರಿಕೆಯ ಒಂದು ಭಾಗ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರಿಲ್ಲದೆ ಸಾಗದು. ಅಲ್ಲದೆ ಉತ್ತರ ಸರಿಯಿದ್ದರಷ್ಟೇ ಸಾಲದು, ಏಕೆ ಸರಿ ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆದು ತೋರಿಸಬೇಕಾಗುತ್ತದೆ. 2025ರ ಮೇ ತಿಂಗಳಿನಿಂದ ಬಹುತೇಕ ವಿಷಯಗಳ ಪರೀಕ್ಷೆ 'ಬ್ಲೂಬುಕ್' ಎಂಬ ತಂತ್ರಾಂಶದ ಮೂಲಕ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಗಣಿತ, ಭೌತಶಾಸ್ತ್ರಗಳಲ್ಲಿ ವಿವರಣಾತ್ಮಕ ಉತ್ತರಗಳನ್ನು ಮಾತ್ರ ಕಾಗದದ ಮೇಲೆ ಬರೆಯಬೇಕು.

ಭಾಷೆಗಳ ಪಟ್ಟಿಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನೀ, ಜಪಾನೀ, ಲ್ಯಾಟಿನ್ ಇವೆ. ಭಾರತದ ಒಂದು ಭಾಷೆಯೂ ಇಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಕಷ್ಟಪಟ್ಟು ಉಳಿಸಿಕೊಂಡ ಕನ್ನಡಕ್ಕೂ ಬೀದಿಯಲ್ಲಿ ಸಲೀಸಾಗಿ ಕಲಿತ ತಮಿಳಿಗೂ ಇಲ್ಲಿ ಅಂಕವಿಲ್ಲ.

ಇನ್ನು ಕಾಲದ ಪ್ರಶ್ನೆ. ಚೆನ್ನೈನ ವಿದ್ಯಾರ್ಥಿಗೆ ಮಾರ್ಚ್‌ನಲ್ಲಿ ಪ್ಲಸ್ ಟು ಪರೀಕ್ಷೆ, ಏಪ್ರಿಲ್‌ನಲ್ಲಿ ಜೆ.ಇ.ಇ. ಮೇನ್‌ನ ಎರಡನೆಯ ಸುತ್ತು, ಮೇ ಮೊದಲ ಭಾನುವಾರದ ಆಸುಪಾಸಿನಲ್ಲಿ ನೀಟ್. ಅದರ ಬೆನ್ನಿಗೇ ಎ.ಪಿ. ಎಲ್ಲವನ್ನೂ ಒಂದೇ ಬೇಸಗೆಯಲ್ಲಿ ಹೊರಿಸಿದರೆ ಮಗು ಯಾವುದಕ್ಕೂ ಸಲ್ಲದಂತಾದೀತು. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನಗಳಂಥ ವಿಷಯಗಳನ್ನು ಹನ್ನೊಂದನೆಯ ತರಗತಿ ಮುಗಿದ ಮೇ ತಿಂಗಳಿನಲ್ಲೇ ಬರೆದು, ಕಲನಶಾಸ್ತ್ರವನ್ನು ಮರುವರ್ಷಕ್ಕೆ ಇಟ್ಟುಕೊಳ್ಳುವುದು ನಮ್ಮ ಸಲಹೆ. ನೋಂದಣಿ ಹಿಂದಿನ ವರ್ಷದ ನವೆಂಬರ್ ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ಮರೆಯಬಾರದು.

ಖರ್ಚಿನ ವಿಷಯ. ಅಮೆರಿಕದ ಹೊರಗೆ ಒಂದು ವಿಷಯಕ್ಕೆ ಸುಮಾರು 130 ಡಾಲರ್. ಸ್ಥಳೀಯ ಕೇಂದ್ರದ ಶುಲ್ಕ ಇದರ ಮೇಲೆ. ತರಬೇತಿಯ ವೆಚ್ಚ ಇನ್ನೂ ಬೇರೆ. ಒಂದು ಕ್ರೆಡಿಟ್‌ಗೆ ಇಷ್ಟು ಸಾವಿರ ಡಾಲರ್ ಉಳಿಯಿತು ಎಂದು ಕೆಲವು ತರಬೇತಿ ಸಂಸ್ಥೆಗಳು ತೋರಿಸುವ ಲೆಕ್ಕವನ್ನು ಹಾಗೆಯೇ ನಂಬಲಾಗದು. ಅನೇಕ ವಿಶ್ವವಿದ್ಯಾಲಯಗಳು ಪೂರ್ಣಾವಧಿ ವಿದ್ಯಾರ್ಥಿಗೆ ಸೆಮಿಸ್ಟರ್‌ಗೆ ಒಟ್ಟಾಗಿ ಶುಲ್ಕ ವಿಧಿಸುತ್ತವೆ. ವಿದ್ಯಾರ್ಥಿ ವೀಸಾದಲ್ಲಿ ಹೋದವರು ಪ್ರತಿ ಸೆಮಿಸ್ಟರ್ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ ಓದಲೇಬೇಕು. ಆದುದರಿಂದ ಒಂದು ಇಡೀ ಸೆಮಿಸ್ಟರ್ ಕಡಿಮೆಯಾದರೆ ಮಾತ್ರ ಹಣ ನಿಜವಾಗಿ ಉಳಿಯುತ್ತದೆ. ಒಂದೆರಡು ವಿಷಯಗಳ ಕ್ರೆಡಿಟ್‌ನಿಂದ ಆಗುವ ಲಾಭವೆಂದರೆ ಇಷ್ಟವಾದ ಬೇರೆ ಪಾಠಕ್ಕೆ ಬಿಡುವು ಸಿಗುವುದು. ಅದೂ ಸಣ್ಣದೇನಲ್ಲ.

ಅಂತರರಾಷ್ಟ್ರೀಯ ಶಾಲೆಗಳಲ್ಲಿ ಐ.ಬಿ. ಅಥವಾ ಕೇಂಬ್ರಿಜ್ ಎ ಲೆವೆಲ್ ಓದುತ್ತಿರುವವರು ಎ.ಪಿ.ಗಾಗಿ ಮತ್ತೆ ಹೆಣಗಬೇಕಾಗಿಲ್ಲ. ಐ.ಬಿ.ಯ ಉನ್ನತ ಸ್ತರದ ವಿಷಯಗಳಿಗೂ ಎ ಲೆವೆಲ್‌ಗೂ ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡುತ್ತವೆ.

ಇಲ್ಲೇ ಓದುವವರಿಗೆ? ತಮಿಳುನಾಡಿನ ಎಂಜಿನಿಯರಿಂಗ್ ಕೌನ್ಸೆಲಿಂಗ್‌ನಲ್ಲಿ ಪ್ಲಸ್ ಟು ಅಂಕಗಳಿಗೆ ಮಾತ್ರ ಬೆಲೆ, ಎ.ಪಿ.ಗೆ ಇಲ್ಲ. ಐ.ಐ.ಟಿ. ಮದ್ರಾಸ್ 2021ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಆನ್‌ಲೈನ್ ಪದವಿಯ ಅರ್ಹತಾ ಪರೀಕ್ಷೆಯನ್ನು ಹನ್ನೊಂದನೆಯ ತರಗತಿ ಮುಗಿಸಿದವರೂ ಬರೆಯಬಹುದು. ಗೆದ್ದವರು ಹನ್ನೆರಡು ಮುಗಿಸಿ ಸೇರಬಹುದು. ಅದು ಸ್ಥಾನ ಕಾದಿರಿಸಿದಂತೆ, ಕ್ರೆಡಿಟ್ ಅಲ್ಲ. ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಶಾಲೆಯ ಮಕ್ಕಳೂ ಉಚಿತವಾಗಿ ಕಲಿಯಬಹುದು, ಪರೀಕ್ಷೆಗಷ್ಟೇ ಶುಲ್ಕ. ಇಂಥ ಆನ್‌ಲೈನ್ ಪಾಠಗಳಿಂದ ಪದವಿಯ ಶೇ. 40ರವರೆಗೆ ಕ್ರೆಡಿಟ್ ಪಡೆಯಲು ಯು.ಜಿ.ಸಿ. 2021ರಲ್ಲಿ ಅವಕಾಶ ಕೊಟ್ಟಿತಾದರೂ, ಅದು ಸಾಮಾನ್ಯವಾಗಿ ಕಾಲೇಜಿಗೆ ಸೇರಿದ ಮೇಲೆ ಕಾಲೇಜಿನ ಒಪ್ಪಿಗೆ ಪಡೆದು ಬರೆದುದಕ್ಕೆ ಅನ್ವಯಿಸುತ್ತದೆ.

ಅಮೆರಿಕದ ವಿಶ್ವವಿದ್ಯಾಲಯಗಳ ಬಗ್ಗೆ ನಿಷ್ಪಕ್ಷಪಾತ ಸಲಹೆ ಬೇಕಾದವರು ಅಣ್ಣಾ ಸಾಲೈಯ ಅಮೆರಿಕನ್ ಕಾನ್ಸುಲೇಟಿನಲ್ಲಿರುವ ಎಜುಕೇಶನ್ ಯು.ಎಸ್.ಎ. ಕೇಂದ್ರವನ್ನು ಸಂಪರ್ಕಿಸಬಹುದು. ಕೊನೆಯದಾಗಿ ಹೆಸರಿನ ವಿಚಾರ. ತಮಿಳುನಾಡಿನ ಶಾಲಾ ದಾಖಲೆಗಳಲ್ಲಿ ನಮ್ಮ ಮಕ್ಕಳಿಗೆ ಒಂದೋ ಎರಡೋ ಇನಿಷಿಯಲ್ ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಅವೇ ತಂದೆಯ ಹೆಸರಾಗಿಯೋ ಊರಿನ ಹೆಸರಾಗಿಯೋ ಬಿಡಿಸಿಕೊಂಡಿರುತ್ತವೆ. ಕಾಲೇಜ್ ಬೋರ್ಡ್ ಖಾತೆ ತೆರೆಯುವಾಗ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಯಿರಿ, ಎರಡನೆಯ ವರ್ಷವೂ ಅದೇ ಖಾತೆಯನ್ನು ಬಳಸಿರಿ. ಜೂನ್ 20ರೊಳಗೆ ಒಂದು ವಿಶ್ವವಿದ್ಯಾಲಯದ ಹೆಸರು ಸೂಚಿಸಿದರೆ ಅಂಕಪಟ್ಟಿ ಅಲ್ಲಿಗೆ ಉಚಿತವಾಗಿ ಹೋಗುತ್ತದೆ, ಆ ಬಳಿಕ ಕಳುಹಿಸುವ ಪ್ರತಿಯೊಂದಕ್ಕೂ ಶುಲ್ಕವಿದೆ.