ಅನುದಾನ
ಅನುದಾನವೆಂದರೆ ಸರ್ಕಾರವು ಸಂಸ್ಥೆಗೋ ಸ್ಥಳೀಯ ಆಡಳಿತಕ್ಕೋ ಇನ್ನೊಂದು ಸರ್ಕಾರಕ್ಕೋ ನಿರ್ದಿಷ್ಟ ಉದ್ದೇಶಕ್ಕಾಗಿ ನೀಡುವ, ಮರುಪಾವತಿಸಬೇಕಿಲ್ಲದ ಹಣ. ಪದದಲ್ಲಿ 'ದಾನ'ವಿದ್ದರೂ ಇದು ದಾನವಲ್ಲ. ಸಾಮಾನ್ಯವಾಗಿ ಷರತ್ತುಗಳಿರುತ್ತವೆ, ಪಡೆದವರು ಹಣಬಳಕೆ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಗೊಬ್ಬರದಂತಹ ವಸ್ತುವಿನ ಬೆಲೆಯಲ್ಲಿ ಒಂದು ಪಾಲನ್ನು ಸರ್ಕಾರವೇ ಭರಿಸಿದರೆ ಅದು ಸಹಾಯಧನ, ಅಂದರೆ ಸಬ್ಸಿಡಿ. ಬಳಕೆಯಲ್ಲಿ ಇವೆರಡೂ ಬೆರೆಯುವುದುಂಟು.

ಭಾರತ ಸಂವಿಧಾನದ 275ನೇ ವಿಧಿಯು ರಾಜ್ಯಗಳಿಗೆ ಕೇಂದ್ರದ ಸಹಾಯಾನುದಾನವನ್ನು ಕುರಿತದ್ದು. ಆಯವ್ಯಯದ 'ಅನುದಾನ ಬೇಡಿಕೆ'ಯಲ್ಲಿ ಮಾತ್ರ ಅರ್ಥ ಬೇರೆ: ಇಲಾಖೆಯ ವೆಚ್ಚಕ್ಕೆ ಶಾಸನಸಭೆಯ ಒಪ್ಪಿಗೆ ಕೋರುವುದು.

ಕರ್ನಾಟಕದಲ್ಲಿ ಈ ಪದ ಹೆಚ್ಚು ಕೇಳಿಬರುವುದು ಶಾಲೆಗಳ ವಿಷಯದಲ್ಲಿ. ಅನುದಾನಿತ ಶಾಲೆಯಲ್ಲಿ ಅನುಮೋದಿತ ಹುದ್ದೆಯ ಶಿಕ್ಷಕರಿಗೆ ಸರ್ಕಾರದ ಹಣದಿಂದ ವೇತನ ದೊರೆಯುತ್ತದೆ. ಅನುದಾನರಹಿತ ಶಾಲೆಯಲ್ಲಿ ಅದು ಆಡಳಿತ ಮಂಡಳಿಯ ಹೊಣೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಗೆಲ್ಲ ಅನುದಾನವಿರುವುದಿಲ್ಲ.